ಬೇಕೆಂದೇ ತಪ್ಪಿದ ಲೆಕ್ಕ

ದೀಪಾವಳಿ ಕಳೆದು ಎಂಟು ದಿನವೂ ಆಗಿರಲಿಲ್ಲ, ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಒಂದು ಅಟ್ಟದ ಮೇಲೆ, ಇನ್ನೊಂದು ಬಚ್ಚಲ ಬಾಗಿಲಲ್ಲಿ. ಪ್ಲೇಗು ಹುಬ್ಬಳ್ಳಿಗೆ ಹೊಸತಲ್ಲ. ಇಲಿ ಬಿತ್ತೆಂದರೆ ಯಾರೂ ಎರಡನೆಯ ಮಾತಿಗೆ ಕಾಯುತ್ತಿರಲಿಲ್ಲ. ಸಂಜೆಯೊಳಗೆ ಓಣಿಯ ತುಂಬ ಎತ್ತಿನ ಗಾಡಿಗಳು ನಿಂತವು. ಹಾಸಿಗೆ, ಹಿಟ್ಟು, ಎರಡು ಕೊಡ, ದೇವರ ಪೆಟ್ಟಿಗೆ ಹೇರಿಕೊಂಡು ಜನ ಊರ ಹೊರಗಿನ ಹೊಲಗಳಿಗೆ ಹೊರಟರು.

ತಾರಾಬಾಯಿಯೂ ಹೊರಟಳು. ಜೊತೆಗೆ ಅತ್ತೆ, ಮತ್ತು ಒಬ್ಬಳೇ ಮಗಳು ಸುಲಭಾ. ಇನ್‌ಫ್ಲುಯೆಂಜಾ ಬಂದ ವರ್ಷ ಹುಟ್ಟಿದ ಹುಡುಗಿಗೆ ಈಗ ಏಳು ತುಂಬಿತ್ತು. ಬೈರಿದೇವರಕೊಪ್ಪದ ಹತ್ತಿರ ಒಂದು ಹೊಲದಲ್ಲಿ ಬಿದಿರಿನ ತಟ್ಟಿ, ಜೋಳದ ಕಣಿಕೆಗಳಿಂದ ಗುಡಿಸಲು ಕಟ್ಟಿಸಿಕೊಟ್ಟು ತಾರಾಬಾಯಿಯ ಗಂಡ ಯಜ್ಞೇಶ್ವರ ಮಾಸ್ತರರು ಮುಗದ ಎಂಬ ಹಳ್ಳಿಗೆ ಹೋದರು. ಊರಿನ ಸಾಲೆಗಳೆಲ್ಲ ಮುಚ್ಚಿದ್ದರಿಂದ ಅವರನ್ನು ತಾತ್ಕಾಲಿಕವಾಗಿ ಅಲ್ಲಿನ ಸಾಲೆಗೆ ಕಳಿಸಿದ್ದರು. ರವಿವಾರಕ್ಕೊಮ್ಮೆ ರೈಲು ಹಿಡಿದು ಬಂದು, ಮುಖ ನೋಡಿಕೊಂಡು ಹೋಗುವುದೆಂದು ಮಾತಾಯಿತು.

ಅವಸರದಲ್ಲಿ ಸುಲಭಾ ಬರೆಯುವ ಪಾಟಿ ಮನೆಯಲ್ಲೇ ಉಳಿದಿತ್ತು. ಗಾಡಿ ಅರ್ಧ ದಾರಿಗೆ ಬಂದಾಗ ತಾರಾಬಾಯಿಗೆ ನೆನಪಾಯಿತು. "ಅಯ್ಯ, ನಿನ್ನ ಪಾಟಿ ಬಿಟ್ಟು ಬಂದ್ವಲ್ಲೇ" ಎಂದಳು. ಸುಲಭಾಳ ಮುಖ ಅರಳಿದ್ದು ತಾಯಿಗೆ ಕಂಡಿತು. ಊರಿಗೆ ಊರೇ ಹೆದರಿ ಓಡುತ್ತಿದ್ದಾಗ ಆ ಹುಡುಗಿಯೊಬ್ಬಳು ಬಿಡುಗಡೆಯಾದವಳಂತೆ ಗಾಡಿಯಿಂದ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು.

ಅದಕ್ಕೆ ಕಾರಣವಿತ್ತು. ಯಜ್ಞೇಶ್ವರ ಮಾಸ್ತರರೆಂದರೆ ಲೆಕ್ಕಕ್ಕೆ ಹೆಸರಾದವರು. ಮೂವತ್ತರ ತನಕ ಮಗ್ಗಿ ನಿದ್ದೆಗಣ್ಣಿನಲ್ಲೂ ತಪ್ಪುತ್ತಿರಲಿಲ್ಲ. ತಮ್ಮ ಮಗಳೂ ಹಾಗಾಗಲೆಂದು ದಿನಾ ಮುಂಜಾನೆ ಹಾಲು ಕುಡಿಯುವ ಮೊದಲು ಅವಳನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಶ್ರಾವಣದ ಒಂದು ಮುಂಜಾನೆ ಏಳರ ಮಗ್ಗಿಯಲ್ಲಿ ಹುಡುಗಿ ತಡವರಿಸಿದಳು. "ಏಳೆಂಟ್ಲೆ?" ಎಂದರು ತಂದೆ. ಹುಡುಗಿ ಸುಮ್ಮನಾದಳು. "ಏಳೆಂಟ್ಲೆ?" ಮತ್ತೆ ಸುಮ್ಮನೆ. ಮೂರನೆಯ ಸಲಕ್ಕೆ ರೂಳಿನ ಕೋಲು ಅಂಗೈ ಮೇಲೆ ಬಿತ್ತು. ಅಂದಿನಿಂದ ಸುಲಭಾಳ ಬಾಯಿಯಿಂದ ಅಂಕಿ ಹೊರಡುವುದೇ ನಿಂತಿತು. ಯಾರಾದರೂ "ನಿನಗೆಷ್ಟು ವರ್ಷ?" ಎಂದರೂ ತಾಯಿಯ ಸೆರಗಿನ ಹಿಂದೆ ಸರಿಯುವಳು. ಸಾಲೆಯಲ್ಲಿ ಅವಳನ್ನು ಒಂದನೆಯ ಇಯತ್ತೆಯಿಂದ ತಿರುಗಿ ಬಿಗರಿಗೆ, ಸಣ್ಣ ಮಕ್ಕಳ ಸಾಲಿಗೆ, ಕೂರಿಸಿದರು.

ಮಾಸ್ತರರು ಕೆಟ್ಟವರಲ್ಲ. ಆಮೇಲೆ ರೂಳು ಎತ್ತಲೂ ಇಲ್ಲ. ಆದರೆ ಒಂದು ದಿನ ಊಟಕ್ಕೆ ಕೂತಾಗ, "ಇಕಿಗೆ ಲೆಕ್ಕ ಹತ್ತೂದಿಲ್ಲ. ಹೋಗಲಿ ಬಿಡು, ಹೆಣ್ಣ ಹುಡುಗಿ, ನಡೀತದ" ಎಂದುಬಿಟ್ಟರು. ರೂಳಿನ ಪೆಟ್ಟಿಗಿಂತ ಆ ಮಾತು ತಾರಾಬಾಯಿಗೆ ಹೆಚ್ಚು ನೋವು ಕೊಟ್ಟಿತ್ತು. ಅವಳು ತಾನೂ ಮೂರನೆಯ ಇಯತ್ತೆಯ ತನಕ ಕಲಿತವಳು. ಲೆಕ್ಕದಲ್ಲಿ ಮುಂದಿದ್ದಳು. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಹೊಲದಲ್ಲಿ ಅರವತ್ತು ಎಪ್ಪತ್ತು ಗುಡಿಸಲುಗಳು ಎದ್ದಿದ್ದವು. ಇವರ ಗುಡಿಸಲಿನಿಂದ ಎರಡು ಬೇವಿನ ಗಿಡ ದಾಟಿದರೆ ಬಳೆಗಾರ್ತಿ ಲಾಲಬಿಯ ಗುಡಿಸಲು. ತಾರಾಬಾಯಿಯ ಮದುವೆಗೆ ಬಳೆ ಇಡಿಸಿದವಳು ಅವಳೇ. ಮಗ, ಸೊಸೆ ಕಲಘಟಗಿಯ ಕಡೆ ಹೋಗಿದ್ದರು; ಮುದುಕಿ ಬಳೆಯ ಪೆಟ್ಟಿಗೆಗಳನ್ನು ಬಿಟ್ಟು ಹೋಗಲಾರೆನೆಂದು ಇಲ್ಲಿ ಉಳಿದಿದ್ದಳು. ದಾರಿಯಲ್ಲಿ ಗಾಡಿ ಕುಲುಕಿ ಸರಕಿನಲ್ಲಿ ಕಾಲುಪಾಲು ಒಡೆದುಹೋಗಿತ್ತು. ಬಂದ ಮೂರನೆಯ ದಿನ ಅವಳು ಗಿಡದ ನೆರಳಿನಲ್ಲಿ ಚಾಪೆ ಹಾಸಿ, ಒಡೆದದ್ದು ಬೇರೆ, ಉಳಿದದ್ದು ಬೇರೆ ಮಾಡುತ್ತ ಕೂತಳು. ಉಳಿದವನ್ನು ಡಜನ್ ಡಜನ್ ಮಾಡಿ ದಾರಕ್ಕೆ ಪೋಣಿಸಬೇಕು. ಸುಲಭಾ ಹತ್ತಿರ ಕೂತು ನೋಡುತ್ತಿದ್ದಳು. ತಾರಾಬಾಯಿ ಆಚೆ ಸಗಣಿಯ ಕುಳ್ಳು ಆರಿಸುತ್ತಿದ್ದಳು.

ಲಾಲಬಿ ಹಸಿರು ಬಳೆ ಎಣಿಸುತ್ತ ಎಣಿಸುತ್ತ ಕೆಮ್ಮಿದಳು, ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಆಗ ಸುಲಭಾ ಮೆಲ್ಲಗೆ, "ಅಜ್ಜೀ, ಹಸರು ಬಳಿ ಇನ್ನೂ ಐದು ಬೇಕು" ಅಂದಳು.

ಲಾಲಬಿ ಬೆರಳಿನಿಂದ ಸರಿಸಿ ಎಣಿಸಿದಳು. ಏಳಿದ್ದವು. "ಖರೇನಽ ಐತಿ ನೋಡ! ನನ್ನ ಕಣ್ಣಿಗಿಂತ ನಿನ್ನ ಕಣ್ಣ ಚಲೋ ಅದಾವ ಬೇಟಿ" ಎಂದು ನಕ್ಕಳು.

ತಾರಾಬಾಯಿಯ ಕೈಯಲ್ಲಿದ್ದ ಕುಳ್ಳು ಕೈಯಲ್ಲೇ ಉಳಿಯಿತು. ಓಡಿಬಂದು ಮಗಳ ಮುಂದೆ ಕೂತು, "ಹೆಂಗ ಗೊತ್ತಾತ ನಿನಗ? ಹನ್ನೆರಡರಾಗ ಏಳು ಹೋದ್ರ ಎಷ್ಟು? ಇನ್ನೊಮ್ಮೆ ಹೇಳು ನೋಡೋಣ" ಎಂದಳು. ಅಷ್ಟೇ ಸಾಕಾಯಿತು. ಹುಡುಗಿಯ ಕಣ್ಣು ಕೆಳಗಾದವು, ತುಟಿ ಬಿಗಿಯಿತು. ಎದ್ದು ಗುಡಿಸಲೊಳಗೆ ಹೋಗಿ ಹಾಸಿಗೆಯ ಹಿಂದೆ ಕೂತಳು.

"ನೀವು ಕೇಳಬಾರದಿತ್ತರಿ ಬಾಯಾರ" ಎಂದಳು ಲಾಲಬಿ. "ನಾ ಕೇಳಿದ್ದಿಲ್ಲ, ಅದಕ್ಕ ಹೇಳ್ತು ಕೂಸು."

ಆ ಮಾತು ತಾರಾಬಾಯಿಯ ತಲೆಯಲ್ಲಿ ಎರಡು ದಿನ ತಿರುಗಿತು. ಮಗಳಿಗೆ ಲೆಕ್ಕ ಬರುತ್ತದೆ. ಬರುವುದಿಲ್ಲವೆಂಬುದು ಸುಳ್ಳು. ಕೇಳಿದರೆ ಮಾತ್ರ ಬರುವುದಿಲ್ಲ. ಕೇಳದೆ ಹೇಳಿಸುವುದು ಹೇಗೆ?

ದಾರಿ ತಾನಾಗಿಯೇ ಸಿಕ್ಕಿತು. ಮೂರನೆಯ ದಿನ ನೀರು ಹೊತ್ತು ಹೊತ್ತು ದಣಿದು ಬಂದು ರೊಟ್ಟಿ ಬಡಿಯುತ್ತ ಕೂತಿದ್ದಳು. "ಅತ್ತ್ಯಾರಿಗೆ ಎರಡು, ನನಗ ಎರಡು, ಸುಲಭಾಗ ಒಂದು. ನಾಲ್ಕಾದ್ವು, ಸಾಕು" ಎಂದು ಗೊಣಗಿಕೊಂಡು ಹಂಚು ಇಳಿಸಿದಳು.

"ಐದು ಬೇಕಲ್ಲ ಅವ್ವಾ!" ಎಂದಿತು ಹಿಂದಿನಿಂದ ದನಿ. "ನನಗಿಲ್ಲೇನು ರೊಟ್ಟಿ?"

ತಾರಾಬಾಯಿ ತಿರುಗಿ ನೋಡಿದಳು. ಸುಲಭಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಾಯಿ ತಪ್ಪಿದ್ದು ಹುಡುಗಿಗೆ ಎಷ್ಟು ಖುಷಿ ಕೊಟ್ಟಿತ್ತೆಂದರೆ ಅಂಕಿಯ ಅಂಜಿಕೆಯೇ ಮರೆತುಹೋಗಿತ್ತು. "ಹೌದಲ್ಲಾ! ನನ್ನ ತಲಿ ಎಲ್ಲೆ ಇಟ್ಟೀನೋ" ಎಂದು ತಾರಾಬಾಯಿ ಮತ್ತೆ ಹಂಚು ಏರಿಸಿದಳು. ಆ ತಪ್ಪು ಖರೆಯಾದ ತಪ್ಪು. ಅದರ ನಂತರದವೆಲ್ಲ ಬೇಕೆಂದೇ ಮಾಡಿದವು.

ಅಂದಿನಿಂದ ತಾರಾಬಾಯಿಯಷ್ಟು ದಡ್ಡಿ ಆ ಹೊಲದಲ್ಲಿ ಇನ್ನೊಬ್ಬಳಿರಲಿಲ್ಲ. ನಾಲ್ಕು ಕೊಡ ನೀರು ತಂದು ಮೂರು ಎನ್ನುವಳು. ಹತ್ತು ಕುಳ್ಳಿನಲ್ಲಿ ಆರು ಉರಿಸಿ, "ಇನ್ನ ಐದು ಉಳದಾವ" ಎನ್ನುವಳು. ಒಂದೊಂದು ಸಲ ಸುಲಭಾ ನಗುತ್ತ ತಿದ್ದುವಳು, ಒಂದೊಂದು ಸಲ ಹಣೆ ಬಡಿದುಕೊಂಡು ತಿದ್ದುವಳು. "ಅವ್ವಾ, ನೀ ಯಾವ ಸಾಲಿಗೆ ಹೋಗಿದ್ದೆವಾ?" ಎಂದು ಒಮ್ಮೆ ಕೇಳಿಯೂ ಬಿಟ್ಟಳು.

ಅತ್ತೆಗೆ ಮೊದಲು ಇದು ತಿಳಿಯಲಿಲ್ಲ. ಸೊಸೆಗೆ ಗಾಳಿ ಬಡಿದಿದೆಯೋ ಎಂದು ಹೆದರಿದರು. ತಾರಾಬಾಯಿ ಗುಟ್ಟು ಹೇಳಿದಾಗ ಬೊಚ್ಚು ಬಾಯಿ ತೆರೆದು ನಕ್ಕರು. "ಹಂಗಾರ ನನ್ನೂ ಸೇರಿಸ್ಕೋ ಇದರಾಗ" ಎಂದರು. ಹುಣಸೆಬೀಜಗಳನ್ನು ಕಲ್ಲಿಗೆ ಒಂದು ಮಗ್ಗುಲು ತಿಕ್ಕಿ ಬಿಳಿ ಮಾಡಿ, ನೆಲದ ಮೇಲೆ ಇದ್ದಲಿಯಿಂದ ಮನೆ ಬರೆದು ಮೊಮ್ಮಗಳ ಜೊತೆ ಚೌಕಾಬಾರಕ್ಕೆ ಕೂತರು. ಅತ್ತೆ ಬೇಕೆಂದು ತಪ್ಪಬೇಕಾಗಿರಲೇ ಇಲ್ಲ. ಆಟದಲ್ಲಿ ಮೋಸ ಮಾಡುವುದು ಅವರಿಗೆ ಸಣ್ಣಂದಿನಿಂದ ಬಂದ ವಿದ್ಯೆ. ಮೂರು ಬಿದ್ದರೆ ನಾಲ್ಕು ಮನೆ ನಡೆಸುವರು.

"ಅಜ್ಜೀ, ಮೂರು ಬಿದ್ದದ!"

"ನಾಲ್ಕು ಬಿದ್ದದವಾ."

"ಮೂರು! ಇಲ್ಲಿಂದ ಒಂದು, ಎರಡು, ಮೂರು. ನಿನ್ನ ಕಾಯಿ ಇಲ್ಲೆ. ಇನ್ನೊಂದು ಮನಿ ನಡದ್ರ ನನ್ನ ಕಾಯಿ ಸಾಯ್ತದಂತ ಕಳವು ಮಾಡ್ಲಿಕತ್ತಿ!"

ಹೀಗೆ ಹದಿನೈದು ದಿನ ಹೋದವು. ಊರಿನಿಂದ ಒಳ್ಳೆಯ ಸುದ್ದಿ ಬರುತ್ತಿರಲಿಲ್ಲ. ಓಣಿಯ ಮೂಲೆಯ ಮನೆಯಲ್ಲಿ ಹೋಗದೆ ಉಳಿದ ಇಬ್ಬರು ತೀರಿಕೊಂಡರೆಂದು ಕೇಳಿ ತಾರಾಬಾಯಿ ಒಂದು ಹೊತ್ತು ಊಟ ಬಿಟ್ಟಳು. ಆದರೆ ಗುಡಿಸಲ ಮುಂದೆ ಮಗಳ ನಗು ಕೇಳಿದಾಗ, ಈ ಕೆಟ್ಟ ಕಾಲದಲ್ಲಿ ತನ್ನ ಪಾಲಿಗೆ ಏನೋ ಒಂದು ಒಳ್ಳೆಯದು ಬೆಳೆಯುತ್ತಿದೆ ಎಂದು ಅನಿಸುತ್ತಿತ್ತು.

ಲಾಲಬಿ ಒಡೆದ ಬಳೆಚೂರುಗಳನ್ನು ಒಂದು ಬುಟ್ಟಿ ತುಂಬ ಸುಲಭಾಳಿಗೆ ಕೊಟ್ಟಿದ್ದಳು. ಹುಡುಗಿ ಅವನ್ನು ಬಣ್ಣ ಬಣ್ಣ ಮಾಡಿ ಸಾಲು ಹಚ್ಚುವಳು. ಎರಡೆರಡು, ಮೂರುಮೂರು, ಆರಾರು. ಸಾಲುಗಳನ್ನು ನೋಡಿ ತಾರಾಬಾಯಿಗೆ ಇನ್ನೊಂದು ಹೊಳೆಯಿತು. ಗುಡಿಸಲ ಮುಂದಿನ ನೆಲ ಸಾರಿಸಿ, ರಂಗೋಲಿಗೆ ಚುಕ್ಕಿ ಇಡುವಾಗ ಮಗಳನ್ನು ಕರೆದಳು. "ನಾ ಸಾಲು ಹಾಕ್ತೀನಿ. ಹೆಚ್ಚುಕಡಿಮಿ ಆದ್ರ ಹೇಳು, ರಂಗೋಲಿ ಕೆಡ್ತದ." ಐದು ಸಾಲು ಐದು ಚುಕ್ಕಿ, ಆರು ಸಾಲು ಏಳು ಚುಕ್ಕಿ. ಮೊದಮೊದಲು ಸುಲಭಾ ಒಂದೊಂದೇ ಚುಕ್ಕಿ ಮುಟ್ಟಿ ಎಣಿಸುತ್ತಿದ್ದಳು. ಆಮೇಲೆ ಸಾಲಿಗೆ ಸಾಲೇ ಎಗರತೊಡಗಿದಳು: ಏಳು, ಹದಿನಾಲ್ಕು, ಇಪ್ಪತ್ತೊಂದು. ಅದಕ್ಕೆ ಮಗ್ಗಿ ಎಂದು ಹೆಸರೆಂಬುದನ್ನು ತಾರಾಬಾಯಿ ಹೇಳಲಿಲ್ಲ.

ಮಾಸ್ತರರು ಎರಡು ರವಿವಾರ ಬಂದುಹೋಗಿದ್ದರು. ಅವರೆದುರು ತಾರಾಬಾಯಿ ಇದನ್ನೆಲ್ಲ ತೆಗೆಯಲಿಲ್ಲ. ಹುಡುಗಿಯೂ ತಂದೆ ಇದ್ದಷ್ಟು ಹೊತ್ತು ಬಳೆಚೂರು ಮುಟ್ಟುತ್ತಿರಲಿಲ್ಲ. ಮೂರನೆಯ ರವಿವಾರ ರೈಲು ಬೇಗ ಬಂತೋ, ಅವರೇ ಬೇಗ ನಡೆದರೋ, ಮಾಸ್ತರರು ಇನ್ನೂ ಬಿಸಿಲು ಏರುವ ಮೊದಲೇ ಹೊಲಕ್ಕೆ ಬಂದರು. ಗುಡಿಸಲಿನ ತಟ್ಟಿಯ ಹಿಂದೆ ಬಂದಾಗ ಹೆಂಡತಿಯ ದನಿ ಕೇಳಿಸಿತು.

"ಏಳು ಸಾಲು ಆದ್ವು, ಸಾಲಿಗೆ ಎಂಟು ಚುಕ್ಕಿ. ಏಳೆಂಟ್ಲೆ ಐವತ್ತನಾಲ್ಕು. ಮುಗೀತು."

ಮಾಸ್ತರರ ಮೈ ಉರಿಯಿತು. ತಮ್ಮ ಮನೆಯಲ್ಲಿ, ತಮ್ಮ ಹೆಂಡತಿ, ಏಳೆಂಟ್ಲೆ ಐವತ್ತನಾಲ್ಕು! ಕೂಗಲು ಬಾಯಿ ತೆರೆದರು. ಅಷ್ಟರಲ್ಲಿ ತಟ್ಟಿಯ ಆ ಕಡೆಯಿಂದ ಗಲಗಲ ನಗು ಬಂತು.

"ಐವತ್ತನಾಲ್ಕ ಹೆಂಗವ್ವಾ! ಐವತ್ತಾರು! ಎರಡು ಚುಕ್ಕಿ ಎಲ್ಲೆ ನುಂಗಿದಿ?"

ತೆರೆದ ಬಾಯಿ ಹಾಗೇ ನಿಂತಿತು. ಮಾಸ್ತರರು ಸುತ್ತು ಹಾಕಿ ಮುಂದೆ ಬಂದರು. ಮುಖದಲ್ಲಿ ಸಂತೋಷವಿತ್ತು. ಆದರೆ ಹದಿನಾಲ್ಕು ವರ್ಷದ ಮಾಸ್ತರಿಕೆಯ ರೂಢಿ ಸಂತೋಷಕ್ಕಿಂತ ಮೊದಲು ನಾಲಿಗೆಗೆ ಬಂತು. "ಶಾಬ್ಬಾಸ! ಎದ್ದು ನೆಟ್ಟಗ ನಿಂದರು. ಈಗ ಹೇಳಿದೆಲ್ಲ, ಇನ್ನೊಮ್ಮೆ ಹೇಳು. ಏಳೆಂಟ್ಲೆ?"

ಸುಲಭಾ ಎದ್ದು ನಿಂತಳು. ನಗು ಆರಿತು. ಬಲಗೈ ಮುಷ್ಟಿಯಾಗಿ ಬೆನ್ನ ಹಿಂದೆ ಹೋಯಿತು. ಮಾಸ್ತರರು ಆ ಕೈಯನ್ನೇ ನೋಡಿದರು. ಮಗಳು ಅಂಕಿ ಮರೆತಿರಲಿಲ್ಲ, ಕೈ ಅಡಗಿಸುತ್ತಿದ್ದಳು. ಹುಡುಗಿ ಲಾಲಬಿಯ ಗುಡಿಸಲಿನತ್ತ ಓಡಿಹೋದಳು.

"ಏನ ನಡಸೀ ಇಲ್ಲೆ?" ಎಂದರು ಹೆಂಡತಿಗೆ. ದನಿ ಗಡಸಾಗಬೇಕಿತ್ತು, ಆಗಲಿಲ್ಲ. "ಮಕ್ಕಳ ಮುಂದ ತಪ್ಪು ಲೆಕ್ಕ ಹೇಳೂದು ಅಂದ್ರೇನು?"

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ತಾರಾಬಾಯಿ ಗಂಡನಿಗೆ ಎದುರುತ್ತರ ಕೊಟ್ಟಿರಲಿಲ್ಲ. ಈಗ ರಂಗೋಲಿ ಬಟ್ಟಲು ಕೆಳಗಿಟ್ಟು ನೇರವಾಗಿ ಹೇಳಿದಳು. "ಬೇಕಂತನಽ ಹೇಳಿದೆರಿ. ನೀವು ಕೇಳಿದ್ರ ಆಕಿಗೆ ರೂಳು ಕಾಣಸ್ತದ. ನಾ ತಪ್ಪಿದ್ರ ಲೆಕ್ಕ ಕಾಣಸ್ತದ. ಹುಡುಗಿ ದಡ್ಡಿ ಅಲ್ಲರಿ. ನೀವಽ ಕೇಳಿದ್ರೆಲ್ಲಾ, ತಟ್ಟಿ ಹಿಂದ ನಿಂತು."

ಅತ್ತೆ ಒಳಗಿನಿಂದ, "ಯಜ್ಞ್ಯಾ, ಮೊದಲ ಕಾಲ ತೊಳಕೊಂಡು ಬಾ. ಆಮ್ಯಾಲ ಸಿಟ್ಟ ಮಾಡೀಯಂತ" ಎಂದರು.

ಮಾಸ್ತರರು ಕಾಲು ತೊಳೆದುಕೊಂಡರು. ಊಟ ಮಾಡಿದರು. ಕೈ ತೊಳೆದ ಮೇಲೆ ತಾವೇ ಕೇಳಿದರು: "ಹಂಗಾರ ನಾ ಏನ ಮಾಡಬೇಕಂತಿ?"

"ನೀವೂ ಒಂದು ತಪ್ಪು ಹೇಳ್ರಿ."

"ನಾನು?" ಮಾಸ್ತರರು ಬೆಚ್ಚಿದರು. "ತಪ್ಪು ಲೆಕ್ಕ? ನಾ ಜನ್ಮದಾಗ ಹೇಳಿಲ್ಲ."

"ಅದಕ್ಕಽ ಆಕಿಗೆ ನಿಮ್ಮ ಮುಂದ ಬಾಯಿ ಬರೂದಿಲ್ಲ" ಎಂದಳು ತಾರಾಬಾಯಿ. ಅಷ್ಟು ಹೇಳಿ ಮಗಳನ್ನು ಕರೆತರಲು ಹೋದಳು.

ಸುಲಭಾ ತಾಯಿಯ ಹಿಂದೆ ಹಿಂದೆ ಬಂದಳು. ತಂದೆ ನೆಲದ ಮೇಲೆ, ಬಳೆಚೂರಿನ ಬುಟ್ಟಿಯ ಮುಂದೆ, ಚಕ್ಕಳಮಕ್ಕಳ ಹಾಕಿ ಕೂತಿದ್ದು ಕಂಡು ಅವಳಿಗೆ ವಿಚಿತ್ರವೆನಿಸಿರಬೇಕು. ಅವರು ಹಾಗೆ ನೆಲದ ಮೇಲೆ ಆಟದ ಸಾಮಾನಿನ ಮುಂದೆ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಸ್ವಲ್ಪ ದೂರದಲ್ಲಿ ಕೂತಳು. ಮಾಸ್ತರರು ಹುಡುಗಿಯ ಕಡೆ ನೋಡದೆ ಚೂರು ಜೋಡಿಸತೊಡಗಿದರು. ಒಂದು ಸಾಲಿಗೆ ಆರು. ಹೀಗೆ ಆರು ಸಾಲು. "ಆರಾರ್ಲೆ..." ಎಂದರು. "ಮೂವತ್ತಾರು" ಎಂದುಬಿಟ್ಟರು ಮಾಸ್ತರರು. ಅಭ್ಯಾಸದ ಬಾಯಿ. ಸುಲಭಾ ಸುಮ್ಮನೆ ಕೂತಿದ್ದಳು. ಸರಿಯಾದ ಲೆಕ್ಕದಲ್ಲಿ ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ.

ಮಾಸ್ತರರು ಹಣೆಯ ಬೆವರು ಒರೆಸಿಕೊಂಡರು. ಇನ್ನೊಂದು ಸಾಲು ಸೇರಿಸಿದರು. ಏಳು ಸಾಲಾಯಿತು. "ಏಳಾರ್ಲೆ..." ಗಂಟಲಲ್ಲಿ ಮುಳ್ಳು ಸಿಕ್ಕವರಂತೆ ಮುಖ ಮಾಡಿ ಕೊನೆಗೆ, "ನಲವತ್ತು" ಎಂದರು.

ಸುಲಭಾ ತಲೆ ಎತ್ತಿದಳು. ತಾಯಿಯ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಅವಳು ಸಾಲುಗಳ ಮೇಲೆ ಕಣ್ಣಾಡಿಸಿದಳು. ತುಟಿ ಅಲುಗಿದವು. ಕೂತಲ್ಲಿಂದಲೇ ಒಂದಿಷ್ಟು ಹತ್ತಿರ ಸರಿದಳು.

"ಅಪ್ಪಾ, ನೀವು ಎರಡು ಬಿಟ್ರಿ" ಎಂದಳು, ಕೇಳಿಸಿತೋ ಇಲ್ಲವೋ ಎಂಬ ದನಿಯಲ್ಲಿ.

"ಎಲ್ಲೆ ಬಿಟ್ಟೆ? ನನಗ ಕಾಣಸವಲ್ವು" ಎಂದರು ಮಾಸ್ತರರು. ಅವರ ದನಿಯೂ ಅಷ್ಟೇ ಸಣ್ಣದಾಗಿತ್ತು.

ಸುಲಭಾ ಕೈ ಚಾಚಿ ತಂದೆಯ ತೋರುಬೆರಳು ಹಿಡಿದಳು. ಸಾಲಿನಿಂದ ಸಾಲಿಗೆ ಅದನ್ನು ಎಳೆದುಕೊಂಡು ಹೋಗುತ್ತ, "ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು, ಮೂವತ್ತಾರು, ನಲವತ್ತೆರಡು. ನೋಡ್ರಿ ಈಗ" ಎಂದಳು. ಮಾಸ್ತರರು ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ತುಂಬಿದವು. ಹುಡುಗಿಗೆ ಅದರ ಅರ್ಥವಾಗಲಿಲ್ಲ. ಲೆಕ್ಕ ತಪ್ಪಿದ್ದಕ್ಕೆ ಅಳುತ್ತಿದ್ದಾರೆ ಎಂದುಕೊಂಡಳು. "ಇರಲಿ ಬಿಡ್ರಿ ಅಪ್ಪಾ. ಅವ್ವನೂ ದಿನಾ ತಪ್ಪತಾಳ" ಎಂದು ಸಮಾಧಾನ ಮಾಡಿದಳು.

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ಆಚೆ ತಿರುಗಿದರು. ನಗುತ್ತಿದ್ದರೋ, ಅಳುತ್ತಿದ್ದರೋ ತಾರಾಬಾಯಿಗೆ ಗೊತ್ತಾಗಲಿಲ್ಲ.

ಮುಂದಿನ ರವಿವಾರ ಮಾಸ್ತರರು ಬಂದವರೇ ಚಪ್ಪಲಿ ಬಿಡುವ ಮೊದಲು ಸುದ್ದಿ ಹೇಳಿದರು. ಮುಗದದ ಸಾಲೆಯಲ್ಲಿ ಕರಿ ಫಳಿಯ ಮೇಲೆ ಬೇಕೆಂದೇ ಒಂದು ತಪ್ಪು ಬರೆದು ಸುಮ್ಮನೆ ನಿಂತರಂತೆ. ಮೊದಲು ಯಾರಿಗೂ ಧೈರ್ಯ ಬರಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ, ತಾವು ಹೋದಂದಿನಿಂದ ಬಾಯಿ ಬಿಡದಿದ್ದ ಒಕ್ಕಲಿಗರ ಹುಡುಗನೊಬ್ಬ, "ಮಾಸ್ತರ್ರಽ, ತಪ್ಪೈತ್ರಿ" ಎಂದನಂತೆ. "ಇಡೀ ಇಯತ್ತೆ ನಕ್ತು ನೋಡು" ಎಂದರು ಮಾಸ್ತರರು. "ಹದಿನಾಲ್ಕ ವರ್ಷದಾಗ ನನ್ನ ತಾಸಿನ್ಯಾಗ ಹುಡುಗರು ನಕ್ಕಿದ್ದಽ ಇಲ್ಲ."

ಹೋಳಿ ಹುಣ್ಣಿಮೆಯ ಹೊತ್ತಿಗೆ ರೋಗ ಇಳಿಯಿತು. ಜನ ಮನೆಗಳಿಗೆ ಸುಣ್ಣ ಬಳಿಸಿ, ಸೂರಿನ ಹೆಂಚು ತೆಗೆದು ಬಿಸಿಲು ಹೊಗಿಸಿ, ಒಬ್ಬೊಬ್ಬರಾಗಿ ತಿರುಗಿ ಬಂದರು. ಸಾಲೆ ತೆರೆಯಿತು. ಸುಲಭಾ ಒಮ್ಮೆಲೇ ಜಾಣೆಯಾಗಿಬಿಡಲಿಲ್ಲ. ಮೊದಲ ದಿನ ಪಾಠ ಹೇಳುವ ಬಾಯಿಯವರು ಎಬ್ಬಿಸಿ ನಿಲ್ಲಿಸಿ ಕೇಳಿದಾಗ ಮತ್ತೆ ಮುಷ್ಟಿ ಬಿಗಿದಳು. ಎರಡನೆಯ ದಿನ ಪಾಟಿಯ ಮೇಲೆ ಚುಕ್ಕಿ ಇಟ್ಟು ತೋರಿಸಿದಳು. ತಿಂಗಳೊಪ್ಪತ್ತಿನಲ್ಲಿ ಬಾಯಿ ಬಿಟ್ಟಳು. ವರ್ಷದ ಕೊನೆಗೆ ಅವಳನ್ನು ಎರಡನೆಯ ಇಯತ್ತೆಗೆ ಹಾಕಿದರು. ವರ್ಗದಲ್ಲಿ ಒಂಬತ್ತನೆಯವಳು. ತಂದೆಗೆ ಅದೇ ಮೊದಲನೆಯ ನಂಬರು.

ಸುದ್ದಿ ಓಣಿಯಲ್ಲಿ ಹಬ್ಬಿತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಬ್ಬಿಬ್ಬರು ಹೆಂಗಸರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು, "ಇವಕ್ಕೂ ಒಂದೀಟು ಆಡಸ್ರೆಲಾ" ಎನ್ನತೊಡಗಿದರು. ಪಡಸಾಲೆಯಲ್ಲಿ ಆರು ಮಕ್ಕಳಾದರು, ಆಮೇಲೆ ಹನ್ನೊಂದು. ಮಕ್ಕಳು ದೊಡ್ಡವಾಗುತ್ತಿದ್ದಂತೆ ತಾರಾಬಾಯಿಗೆ ಒಂದು ತೊಡಕು ಕಂಡಿತು. ಮೂರನೆಯ ಇಯತ್ತೆಯ ಆಚೆಗಿನ ಲೆಕ್ಕದಲ್ಲಿ ಅವಳು ಬೇಕೆಂದು ತಪ್ಪುವ ಹಾಗಿರಲಿಲ್ಲ. ಸರಿ ಯಾವುದೆಂಬುದೇ ಗೊತ್ತಿರಲಿಲ್ಲ.

ಒಂದು ಸಂಜೆ ಅದನ್ನು ಗಂಡನಿಗೆ ಹೇಳಿದಳು. ಹೇಳಲು ನಾಚಿಕೆಯಾಗಿತ್ತು. ಮಾಸ್ತರರು ಮರುದಿನ ಸಾಲೆಯಿಂದ ಬರುವಾಗ ನಾಲ್ಕನೆಯ ಇಯತ್ತೆಯ ಅಂಕಗಣಿತದ ಪುಸ್ತಕ ತಂದು ಅವಳ ಕೈಗೆ ಕೊಟ್ಟರು.

"ಈಗ ಕಲ್ತು ಏನ ಮಾಡ್ಲಿರಿ ನಾನು?" ಎಂದಳು ಪುಸ್ತಕ ಎದೆಗವಚಿಕೊಂಡು.

"ಪರೀಕ್ಷಾಕ್ಕ ಕೂಡು. ಹೊರಗಿನವರಿಗೂ ಅವಕಾಶ ಅದ, ನಾ ವಿಚಾರಿಸೀನಿ" ಎಂದರು.

ತಾರಾಬಾಯಿ ಅರ್ಧ, ಕಾಲು, ಮುಕ್ಕಾಲಿನ ಅಪೂರ್ಣಾಂಕಗಳ ಪುಟ ತೆರೆದು, ದಿನಾ ಮಕ್ಕಳು ಬರುವ ಮೊದಲಿನ ಒಂದು ತಾಸು ಬಿಡದೆ ಬರೆದಳು. ಎರಡು ವರ್ಷದ ಮೇಲೆ, ತನ್ನ ಅರ್ಧ ವಯಸ್ಸೂ ಇಲ್ಲದ ಹುಡುಗಿಯರ ನಡುವೆ ಸೆರಗು ಬಿಗಿದು ಕೂತು ನಾಲ್ಕನೆಯ ಇಯತ್ತೆಯ ಪರೀಕ್ಷೆ ಕೊಟ್ಟಳು. ಪಾಸಾದಳು. ಆ ಬೇಸಿಗೆಯಲ್ಲಿಯೇ ಐದನೆಯದರ ಪುಸ್ತಕಗಳನ್ನು ತರಿಸಿಕೊಂಡಳು.